ಮೇಷ್ಟ್ರು ಮನೆಯಲ್ಲಿಲ್ಲ

ತೆಲುಗು ಸೀಮೆಯ ಗಡಿಯೊಳಗಿನ ಹೊಳಗುಂದದಲ್ಲಿ ಮರಿಬಸಪ್ಪ ಮೇಷ್ಟ್ರ ಕೈಬರಹ ಇಲ್ಲದ ಮನೆ ಕಡಿಮೆ. ಪಾಲುಪತ್ರ, ಪಂಚಾಯ್ತಿಗೆ ಅರ್ಜಿ, ಬೀಗರಿಗೆ ಕಾಗದ, ಏನೇ ಇದ್ದರೂ ಜನ ಅವರ ಮನೆ ಕಟ್ಟೆಗೆ ಬರುತ್ತಿದ್ದರು. ಕನ್ನಡವನ್ನೂ ತೆಲುಗನ್ನೂ ಒಂದೇ ಸಮ ದುಂಡಗೆ ಬರೆಯುತ್ತಿದ್ದರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದವರು. ಅದರಲ್ಲಿ ಹನ್ನೊಂದು ವರ್ಷ ನಾನು ಅವರ ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಅವರ ಮೇಲೆ ದಾವಾ ಬಿದ್ದಿದೆ ಎಂದು ಯಾರಾದರೂ ಆಗ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ದಾವಾ ಹಾಕಿದವಳು ಪಕ್ಕದ ಮನೆಯ ಉಚ್ಚಮ್ಮ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹನ್ನೊಂದು ಆಡು ಸಾಕಿಕೊಂಡು, ಹೊಲದ ಕೆಲಸ ಸಿಕ್ಕಾಗ ಕೂಲಿಗೆ ಹೋಗಿ ಬದುಕುತ್ತಿದ್ದಳು. ಅವಳ ಮನೆಗೂ ಮೇಷ್ಟ್ರ ಮನೆಗೂ ನಡುವೆ ನಾಲ್ಕು ಮೊಳ ಅಗಲದ ಒಂದು ಸಂದಿ. ಬೀದಿಯಿಂದ ಹಿತ್ತಲಿಗೆ ಹೋಗಲು ಎರಡು ಮನೆಯವರಿಗೂ ಅದೇ ದಾರಿ. ಬೆಳಿಗ್ಗೆ ಅವಳ ಆಡುಗಳು ಆ ಸಂದಿಯಿಂದ ಬೀದಿಗೆ ಬರುತ್ತಿದ್ದವು, ಸಂಜೆ ಅದರಲ್ಲೇ ಹಿತ್ತಲ ದೊಡ್ಡಿಗೆ ಸೇರುತ್ತಿದ್ದವು.

ನಿವೃತ್ತರಾದ ಮೇಲೆ ಮೇಷ್ಟ್ರು ಮಾಳಿಗೆಯ ಮೇಲೆ ಒಂದು ಕೋಣೆ ಹಾಕಿಸಲು ಹೊರಟರು. ಮೆಟ್ಟಿಲು ಮನೆಯೊಳಗೆ ಬಂದರೆ ಪಡಸಾಲೆಯ ಅರ್ಧ ಹೋಗುತ್ತದೆ. 'ಸಂದಿಯಾಗ ಇಳಿಸಿದ್ರ ಏನೂ ತೊಂದ್ರಿ ಇಲ್ಲ ಸಾರ್' ಅಂದ ಗೌಂಡಿ. ಮೇಷ್ಟ್ರು ಒಂದು ದಿನ ಯೋಚಿಸಿ ಹೂಂ ಎಂದರು. ಆಗ ಉಚ್ಚಮ್ಮ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಆಡುಗಳನ್ನು ಅಣ್ಣನ ಮಂದೆಗೆ ಬಿಟ್ಟು ಪೆದ್ದಕಡುಬೂರಿಗೆ ಹೋಗಿದ್ದಳು.

ಮೇಷ್ಟ್ರ ಹೆಂಡತಿ ವೀರಬಸಮ್ಮ ಕೇಳಿದರಂತೆ: "ಉಚ್ಚಮ್ಮಗ ಒಂದ್ ಮಾತು ಹೇಳಬಾರದೇನ್ರಿ?"

"ಬಂದ ಮ್ಯಾಲ ಹೇಳಿದ್ರಾತು."

"ಬಂದ ಮ್ಯಾಲ ಹೇಳೋದು ಹೇಳಿದಂಗ ಆಗತೈತೇನು?"

ಮೇಷ್ಟ್ರು ಮಾರನೆಯ ದಿನವೇ ಕೆಲಸ ಶುರು ಮಾಡಿಸಿದರು. ಎರಡು ತಿಂಗಳಲ್ಲಿ ಹದಿನಾಲ್ಕು ಮೆಟ್ಟಿಲು ಎದ್ದವು. ಸಂದಿಯಲ್ಲಿ ಒಬ್ಬರು ಅಡ್ಡಡ್ಡ ತೂರುವಷ್ಟು ಜಾಗ ಉಳಿಯಿತು. ಕೋಣೆಯ ಪೂಜೆಗೆ ನನ್ನನ್ನೂ ಕರೆದಿದ್ದರು. ಹೋಳಿಗೆ ಊಟ ಮಾಡಿ, ಮೆಟ್ಟಿಲು ಹತ್ತಿ ಕೋಣೆ ನೋಡಿ, ಗಾಳಿ ಚೆನ್ನಾಗಿದೆ ಎಂದೆ. ಸಂದಿ ಯಾರದೆಂದು ನನಗೂ ಗೊತ್ತಿತ್ತು. ನಾನೂ ಕೇಳಲಿಲ್ಲ.

ಉಚ್ಚಮ್ಮ ಬಂದವಳು ಬೀದಿಯಲ್ಲೇ ಗಂಟು ಇಳಿಸಿ ಮೆಟ್ಟಿಲು ನೋಡುತ್ತಾ ನಿಂತಳು. ಆಮೇಲೆ ಮೇಷ್ಟ್ರ ಕಟ್ಟೆಯ ಹತ್ತಿರ ಬಂದಳು.

"ಅಣ್ಣಾ, ಇದು ಹೆಂಗ? ನನ್ನ ಆಡು ಎಲ್ಲಿಂದ ಹೋಗಬೇಕು?"

"ಪಂಚಾಯ್ತಿಯವರು ಒಪ್ಪಿಗಿ ಕೊಟ್ಟಾರಮ್ಮ" ಎಂದರು ಮೇಷ್ಟ್ರು. ಪಂಚಾಯ್ತಿ ಒಪ್ಪಿಗೆ ಕೊಟ್ಟದ್ದು ಮಾಳಿಗೆಯ ಕೋಣೆಗೆ. ಸಂದಿಯ ಮಾತು ಅದರಲ್ಲಿರಲಿಲ್ಲ.

ಉಚ್ಚಮ್ಮ ಜಗಳವಾಡಲಿಲ್ಲ. ಆವತ್ತಿನಿಂದ ಅವಳ ಆಡುಗಳು ಬೀದಿ ಬಾಗಿಲಿನಿಂದ ಒಳಗೆ ಬಂದು, ಪಡಸಾಲೆ ದಾಟಿ, ಒಲೆಯ ಪಕ್ಕದಲ್ಲೇ ಹಾದು ಹಿತ್ತಲಿಗೆ ಹೋಗತೊಡಗಿದವು. ದಿನಕ್ಕೆ ಎರಡು ಸಲ ಆಡು ಹೋದ ಮೇಲೆ ಅವಳು ಮನೆ ಗುಡಿಸಿ ಸಾರಿಸುವುದು ಮೇಷ್ಟ್ರಿಗೆ ತಮ್ಮ ಕಿಟಕಿಯಿಂದ ಕಾಣುತ್ತಿತ್ತು. ಅವರು ಆ ಕಿಟಕಿಗೆ ಪರದೆ ಕಟ್ಟಿಸಿದರು.

ಮುಂದೆ ಅವಳು ಯಾರದೋ ಮಾತು ಕೇಳಿ ಆದೋನಿಯ ಕೋರ್ಟಿಗೆ ಹೋದಳು. ಬಡವರಿಗೆ ಕೋರ್ಟಿನ ಆವರಣದಲ್ಲೇ ವಕೀಲರನ್ನು ಗೊತ್ತು ಮಾಡಿ ಕೊಡುತ್ತಾರೆ. ಅವಳಿಗೆ ಚೇತನಾ ಎಂಬ ಸಣ್ಣ ವಯಸ್ಸಿನ ವಕೀಲೆ ಸಿಕ್ಕರು. ಮೆಟ್ಟಿಲು ತೆಗೆಸಿ ದಾರಿ ಬಿಡಿಸಿಕೊಡಬೇಕೆಂದು ದಾವಾ ಆಯಿತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಮೇಷ್ಟ್ರು ಬಾಗಿಲಲ್ಲಿ ನಿಂತು ಪೇಪರ್ ಓದುತ್ತಿದ್ದರು. ಒಂದು ಬೈಕು ಬಂದು ನಿಂತಿತು. ಹೆಗಲಿಗೆ ಚೀಲ ಹಾಕಿಕೊಂಡ ಮೂವತ್ತೈದರ ಒಬ್ಬ ಮನುಷ್ಯ ಇಳಿದ. ಮೇಷ್ಟ್ರನ್ನು ನೋಡಿದ್ದೇ ಅವನ ಮುಖ ಅರಳಿತು. ಎರಡೂ ಕೈ ಎತ್ತಿ ನಮಸ್ಕಾರ ಮಾಡಲು ಹೊರಟ. ಮೇಷ್ಟ್ರಿಗೂ ಗುರುತು ಹತ್ತಿತು. ಗಾದಿಲಿಂಗ. ಹಾಲಹರವಿಯ ಹುಡುಗ, ಇಲ್ಲಿ ಅಜ್ಜಿಯ ಮನೆಯಲ್ಲಿದ್ದು ಏಳನೆಯವರೆಗೆ ಓದಿದವನು. ಆದೋನಿ ಕೋರ್ಟಿನಲ್ಲಿ ಅಮೀನನಾಗಿದ್ದಾನೆ, ಸಮನ್ಸು ನೋಟಿಸು ಹಂಚುತ್ತಾನೆ ಎಂದು ಯಾರೋ ಹೇಳಿದ್ದು ಅದೇ ಕ್ಷಣಕ್ಕೆ ನೆನಪಾಯಿತು. ಅವನ ಚೀಲದಿಂದ ಉದ್ದನೆಯ ಕಾಗದಗಳು ಇಣುಕುತ್ತಿದ್ದವು.

ಅವನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿಬಿಟ್ಟರು: "ಮರಿಬಸಪ್ಪ ಊರಾಗಿಲ್ಲ."

ಗಾದಿಲಿಂಗನ ಕೈಗಳು ಎದೆಯ ಹತ್ತಿರ ಹಾಗೇ ನಿಂತವು. ಮೇಷ್ಟ್ರು ಪೇಪರಿನ ಕಡೆ ಕಣ್ಣು ಹಾಕಿದರು. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಎಲ್ಲಿ ಹೋಗ್ಯಾರ್ರಿ?" ಎಂದ ಅವನು, ಕೈ ಇಳಿಸಿ.

"ಬಳ್ಳಾರಿಗೆ. ಯಾವಾಗ ಬರ್ತಾರೋ ಗೊತ್ತಿಲ್ಲ."

ನೀವು ಅವರಿಗೆ ಏನಾಗಬೇಕು ಎಂದು ಅವನು ಕೇಳಬೇಕಿತ್ತು. ಅದು ಅವನ ಕೆಲಸದ ಕ್ರಮ. ಕೇಳಲಿಲ್ಲ. ಕಾಗದದ ಬೆನ್ನಿಗೆ ಎರಡು ಸಾಲು ಬರೆದುಕೊಂಡ. ಆಮೇಲೆ ನೆಲ ನೋಡುತ್ತಾ, ಒಂದೊಂದೇ ಮಾತು ಬಿಡಿಸಿ ಹೇಳಿದ:

"ಅವರು ಬಂದ್ರ ಹೇಳ್ರಿ, ಸಮನ್ಸ್ ತಗೊಂಡ್ರ ತಪ್ಪು ಒಪ್ಪಿಕೊಂಡಂಗ ಆಗಂಗಿಲ್ಲ. ಅದು ಬರೇ ತಾರೀಖು ತಿಳಿಸೋ ಕಾಗದ. ಸಹಿ ಮಾಡಿ ತಗೊಂಡು, ಆ ತಾರೀಖಿಗೆ ಕೋರ್ಟಿಗೆ ಬಂದು, ಒಬ್ಬ ವಕೀಲರನ್ನ ಇಟ್ಕೊಂಡು, ಮೂವತ್ತು ದಿನದಾಗ ಉತ್ತರ ಕೊಡಬೇಕು. ಬರದಿದ್ರ ಇವರ ಮಾತು ಕೇಳೋರೇ ಇರಂಗಿಲ್ಲ. ಎದುರಿನೋರು ಹೇಳಿದ್ದೇ ಆಗತೈತಿ. ಅವರಿಗೆ ಇಷ್ಟು ಹೇಳ್ರಿ."

"ಹೇಳ್ತೀನಿ" ಎಂದರು ಮೇಷ್ಟ್ರು.

ಬೈಕು ಓಣಿಯ ತಿರುವು ದಾಟುವವರೆಗೂ ಅವರು ಪೇಪರಿನಿಂದ ಮುಖ ಎತ್ತಲಿಲ್ಲ. ಒಳಗೆ ಬಂದಾಗ ವೀರಬಸಮ್ಮ ಮೊರದಲ್ಲಿ ಜೋಳ ಹಿಡಿದುಕೊಂಡು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮೊರ ಹಿಡಿದುಕೊಂಡೇ ಅಡಿಗೆ ಮನೆಗೆ ಹೋದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಮೇಷ್ಟ್ರು ನನಗೆ ಆಮೇಲೆ ಹೇಳಿದರು.

ಹನ್ನೆರಡು ದಿನ ಬಿಟ್ಟು ಗಾದಿಲಿಂಗ ಮತ್ತೆ ಬಂದ. ಈ ಸಲ ಬೈಕಿನ ಸದ್ದು ಕೇಳಿದ್ದೇ ಮೇಷ್ಟ್ರು ಒಳಗಿನಿಂದ ಅಗಳಿ ಹಾಕಿದರು. ಅವನು ಬಾಗಿಲು ತಟ್ಟಿದ. "ಸಾರ್" ಎಂದು ಕರೆದ. ಹೆಸರು ಹಿಡಿದು ಕರೆಯಲಿಲ್ಲ. ವೀರಬಸಮ್ಮ ಬಾಗಿಲ ಕಡೆ ಹೆಜ್ಜೆ ಇಟ್ಟರು. ಮೇಷ್ಟ್ರು ಅವರ ಮುಂಗೈ ಹಿಡಿದರು. ಗಟ್ಟಿಯಾಗಿಯೇ ಹಿಡಿದಿರಬೇಕು, ಬಳೆಯೊಂದು ಒಡೆಯಿತು. ಹೊರಗೆ ಅವನು ಓಣಿಯವರಿಬ್ಬರನ್ನು ಕರೆದು, ಇದು ಯಾರ ಮನೆ ಎಂದು ಕೇಳಿ, ಅವರ ಹೆಸರು ಬರೆದುಕೊಂಡು, ಕಾಗದವನ್ನು ಬಾಗಿಲಿಗೆ ಅಂಟಿಸುವುದು ಒಳಗಿದ್ದವರಿಗೆ ಕೇಳುತ್ತಿತ್ತು. ಅವನು ಹೋದ ಮೇಲೂ ಅರ್ಧ ಗಂಟೆ ಇಬ್ಬರೂ ಕತ್ತಲೆ ಕೋಣೆಯಲ್ಲಿ ಕುಳಿತಿದ್ದರು.

ಬಾಗಿಲು ತೆಗೆಯುವಷ್ಟರಲ್ಲಿ ಓಣಿಯ ಅರ್ಧ ಜನ ಆ ಕಾಗದ ಓದಿ ಹೋಗಿದ್ದರು. ಅವರಲ್ಲಿ ಬಹಳ ಮಂದಿಗೆ ಓದಲು ಕಲಿಸಿದವರು ಮೇಷ್ಟ್ರೇ. ಅವರು ಕಾಗದ ಕಿತ್ತು, ಮಡಚಿ, ಟ್ರಂಕಿನ ತಳಕ್ಕೆ ಹಾಕಿದರು. ತಾರೀಖು ಮಾತ್ರ ಕಣ್ಣಿಗೆ ಬಿದ್ದಿತ್ತು. ಆ ತಾರೀಖು ಬಂತು, ಹೋಯಿತು. ಆವತ್ತು ಅವರು ಗಡ್ಡ ಮಾಡಿಕೊಂಡು, ಬಿಳಿ ಅಂಗಿ ಹಾಕಿಕೊಂಡು, ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದುಂಟು. ಆದೋನಿ ಬಸ್ಸಿನಲ್ಲಿ ಉಚ್ಚಮ್ಮ ಕಿಟಕಿಯ ಪಕ್ಕ ಕುಳಿತದ್ದು ಕಂಡಿತು. ಬಾಳೆಹಣ್ಣು ಕೊಂಡುಕೊಂಡು ಮನೆಗೆ ವಾಪಸಾದರು.

ಅಲ್ಲಿಂದ ಅವರು ಕಟ್ಟೆಯ ಮೇಲೆ ಕೂರುವುದನ್ನೇ ಬಿಟ್ಟರು. ಅರ್ಜಿ ಬರೆಸಲು ಬಂದವರಿಗೆ ಕಣ್ಣು ಕಾಣುವುದಿಲ್ಲ ಎಂದರು. ನಾನು ಕೇಳಿದಾಗ, "ಆಕಿ ಏನೋ ಕೇಸ್ ಹಾಕ್ಯಾಳಂತ. ನಾನು ಬಳ್ಳಾರಿಗೆ ಹೋಗಿದ್ದಾಗ ಏನೋ ಹಚ್ಚಿ ಹೋಗ್ಯಾರ" ಎಂದಿದ್ದರು. ಓಣಿಗೆಲ್ಲ ಗೊತ್ತಿದ್ದ ಸಂಗತಿ ನನಗೂ ಗೊತ್ತಿತ್ತು. ಆದರೂ ತಲೆ ಆಡಿಸಿದೆ.

ಕೋರ್ಟಿನಲ್ಲಿ ಹೆಸರು ಕೂಗಿದರು, ಇವರು ಇರಲಿಲ್ಲ. ಎಕ್ಸ್‌ಪಾರ್ಟಿ ಆಯಿತು, ಎಂದರೆ ಇವರಿಲ್ಲದೆಯೇ ಕೇಸು ನಡೆಯಿತು. ಮಳೆಗಾಲದಲ್ಲಿ ಡಿಕ್ರಿ ಆಯಿತು: ಎರಡು ತಿಂಗಳೊಳಗೆ ಮೆಟ್ಟಿಲು ತೆಗೆಯಬೇಕು. ತೆಗೆಯಲಿಲ್ಲವಾದ್ದರಿಂದ ಉಚ್ಚಮ್ಮ ಡಿಕ್ರಿ ಜಾರಿ ಮಾಡಿಸಿಕೊಡಿ ಎಂದು ಮತ್ತೆ ಅರ್ಜಿ ಹಾಕಿದಳು. ಅದರ ನೋಟಿಸು ಅಂಚೆಯಲ್ಲಿ ಬಂತು. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ವೀರಬಸಮ್ಮ ಸಹಿ ಮಾಡಿ ತೆಗೆದುಕೊಂಡು, ಒದ್ದೆ ತಲೆಯಲ್ಲಿ ಬಂದ ಗಂಡನ ಕೈಗೆ ಕೊಟ್ಟರು.

"ನಾ ತಗೊಂಡೀನಿ. ಇನ್ನ ಊರಾಗಿಲ್ಲ ಅನ್ನಾಕ ಬರಂಗಿಲ್ಲ."

ಮೇಷ್ಟ್ರು ಆದೋನಿಗೆ ಹೋಗಿ ರುದ್ರೇಶ ಎಂಬ ವಕೀಲರನ್ನು ಕಂಡರು. ಪಳಗಿದವರು, ಮಾತು ನೇರ. ಕಾಗದ ಓದಿ ಮೊದಲು ಕೇಳಿದ್ದೇ ಇದು:

"ಸಮನ್ಸ್ ಬಂದಿತ್ತೇನ್ರಿ ಮೇಷ್ಟ್ರೇ? ಖರೇ ಹೇಳ್ರಿ. ಬಂದಿದ್ದು ಗೊತ್ತಿದ್ರ, ಡಿಕ್ರಿ ಆದ ಮೂವತ್ತು ದಿನದಾಗ ಅದನ್ನ ರದ್ದು ಮಾಡ್ರಿ ಅಂತ ಕೇಳಬೇಕಿತ್ತು. ಆ ಟೈಮ್ ಹೋಗೈತಿ. ಬಂದೇ ಇರಲಿಲ್ಲ ಅಂದ್ರ ನಿಮಗ ಗೊತ್ತಾದ ದಿನದಿಂದ ಮೂವತ್ತು ದಿನ ಸಿಗತೈತಿ."

ಖರೇ ಹೇಳಬೇಕೆಂದೇ ಬಸ್ಸಿನುದ್ದಕ್ಕೂ ಅಂದುಕೊಂಡು ಹೋಗಿದ್ದರಂತೆ. ಆದರೆ ಎದುರಿಗೆ ಬೆಂಚಿನ ಮೇಲೆ ಬೇರೆ ಕಕ್ಷಿಗಾರರು ಮೂರು ಮಂದಿ ಕುಳಿತಿದ್ದರು. ಅವರಲ್ಲೊಬ್ಬ, "ಹೊಳಗುಂದದ ಮೇಷ್ಟ್ರಲ್ಲೇನ್ರಿ?" ಎಂದು ಎದ್ದು ಜಾಗ ಬಿಟ್ಟಿದ್ದ.

"ಯಾರೂ ಬಂದಿಲ್ರಿ" ಎಂದರು ಮೇಷ್ಟ್ರು.

ರುದ್ರೇಶ ಕೋರ್ಟಿನಿಂದ ದಾವಾದ ನಕಲು ತೆಗೆಸಿದರು. ಅಮೀನ ಮೊದಲ ಸಲ ಬರೆದ ಷರಾ ನೋಡಿ ಅವರಿಗೆ ಸಮಾಧಾನವಾಯಿತು. 'ಪ್ರತಿವಾದಿ ಊರಿನಲ್ಲಿ ಇಲ್ಲ, ಬಳ್ಳಾರಿಗೆ ಹೋಗಿದ್ದಾರೆಂದು ತಿಳಿಯಿತು.'

"ನೋಡ್ರಿ, ಅಮೀನನೇ ಬರದಾನ ನೀವು ಊರಾಗ ಇರಲಿಲ್ಲಂತ. ಎರಡನೇ ಸಲ ಬಾಗಿಲಿಗೆ ಹಚ್ಚೀನಿ ಅಂತಾನ. ಅದು ಸುಳ್ಳು ಅನ್ನೋಣು. ಕುಂತಲ್ಲೇ ಬರಕೊಂಡಾನ ಅನ್ನೋಣು."

ತಮ್ಮ ಮಾನ ಉಳಿಸಲು ಹುಡುಗ ಬರೆದ ಎರಡು ಸಾಲು ಈಗ ಅವನ ಕುತ್ತಿಗೆಗೇ ಬರುತ್ತಿದೆ ಎಂದು ಮೇಷ್ಟ್ರಿಗೆ ಅಲ್ಲೇ ಅರ್ಥವಾಯಿತು. ಆದರೂ ಸಮನ್ಸು ಬಂದೇ ಇಲ್ಲವೆಂದು ಪ್ರಮಾಣ ಮಾಡಿ ಬರೆಸಿದ ಅಫಿಡವಿಟ್ಟಿನ ಮೂರು ಹಾಳೆಗಳಿಗೂ ಸಹಿ ಮಾಡಿದರು.

ನಕಲಿನ ಜೊತೆ ಉಚ್ಚಮ್ಮ ಹಾಜರು ಮಾಡಿದ ದಾಖಲೆಯೂ ಇತ್ತು. ಊರಿಗೆ ಬರುವ ಬಸ್ಸಿನಲ್ಲಿ ಅದನ್ನು ಬಿಡಿಸಿ ನೋಡಿದರು. ಮೇಷ್ಟ್ರ ತಂದೆಯೂ ಉಚ್ಚಮ್ಮನ ಮಾವನೂ ಸೇರಿ ಮಾಡಿಕೊಂಡ ಒಪ್ಪಂದ. 'ನಡುವಿನ ಸಂದಿಯು ಉಭಯತ್ರರಿಗೂ ಸೇರಿದ್ದು. ಯಾರೊಬ್ಬರೂ ಇದರಲ್ಲಿ ಕಟ್ಟಡ ಎತ್ತತಕ್ಕದ್ದಲ್ಲ.' ಕೆಳಗೆ ಎರಡು ಹೆಬ್ಬೆಟ್ಟು. ಅದರ ಕೆಳಗೆ, 'ಬರೆದವನು ಮರಿಬಸಪ್ಪ'. ಇಪ್ಪತ್ತೆರಡನೆಯ ವಯಸ್ಸಿನ ಅವರದೇ ದುಂಡನೆಯ ಅಕ್ಷರ. ಆ ಕಾಗದ ಬರೆದದ್ದು ಅವರಿಗೆ ಮರೆತಿರಲಿಲ್ಲ. ಅದು ಇಷ್ಟರಲ್ಲಿ ಗೆದ್ದಲಿಗೆ ಹೋಗಿರುತ್ತದೆ ಎಂದುಕೊಂಡಿದ್ದರು. ಓದಲು ಬಾರದ ಮನೆಯವರು ಅದನ್ನು ನಲವತ್ತು ವರ್ಷ ಜೋಪಾನ ಮಾಡಿದ್ದರು.

ಡಿಕ್ರಿ ರದ್ದು ಕೇಳಿದ ಅರ್ಜಿಯ ವಿಚಾರಣೆ ಚಳಿಗಾಲದಲ್ಲಿ ಬಂತು. ಮೊದಲ ದಿನ ಮೇಷ್ಟ್ರು ಕಟಕಟೆ ಹತ್ತಿ ಪ್ರಮಾಣ ಮಾಡಿ, ಅಫಿಡವಿಟ್ಟಿನಲ್ಲಿ ಇದ್ದದ್ದೆಲ್ಲ ನಿಜ ಎಂದರು. ಚೇತನಾ ಎದ್ದು ಆ ಹಳೆಯ ಕಾಗದ ತೋರಿಸಿ, ಈ ಅಕ್ಷರ ಯಾರದು ಎಂದು ಕೇಳಿದರು. ನನ್ನದೇ ಎಂದರು. ಅಮೀನ ಬಂದ ದಿನ ಎಲ್ಲಿದ್ದಿರಿ ಎಂದು ಕೇಳಿದರು. ಬಳ್ಳಾರಿಯಲ್ಲಿ ಎಂದರು. ಮುಂದಿನ ತಾರೀಖಿಗೆ ಅಮೀನನನ್ನೇ ಸಾಕ್ಷಿಗೆ ಕರೆಸುತ್ತೇನೆ ಎಂದರು ಚೇತನಾ.

ಆ ತಾರೀಖಿಗೆ ಜೊತೆಗೆ ಬರಲು ಮೇಷ್ಟ್ರು ನನ್ನನ್ನು ಕೇಳಿಕೊಂಡರು. ಆದೋನಿ ಹತ್ತಿರ ಬಂದಂತೆ ಹತ್ತಿ ಹೇರಿದ ಲಾರಿಗಳು ರಸ್ತೆ ತುಂಬಿ ಬಸ್ಸು ನಿಂತು ನಿಂತು ಸಾಗಿತು. ಮೇಷ್ಟ್ರು ಒಂದು ಸಲ, "ತಡ ಆದ್ರ ಚಲೋ ಆಗಿತ್ತು" ಎಂದರು, ನನಗಲ್ಲ, ಕಿಟಕಿಗೆ.

ಕೋರ್ಟಿನ ಹಾಲಿನಲ್ಲಿ ಉಚ್ಚಮ್ಮ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ನಾವು ಒಳಗೆ ಬಂದಾಗ ಅಭ್ಯಾಸದಂತೆ ಸೆರಗು ಸರಿಮಾಡಿಕೊಂಡು ಮೇಷ್ಟ್ರಿಗೆ ದಾರಿ ಬಿಟ್ಟಳು. ಗಾದಿಲಿಂಗ ಕಟಕಟೆ ಹತ್ತಿದ. ಅಲ್ಲಿ ನಡೆದದ್ದೆಲ್ಲ ತೆಲುಗಿನಲ್ಲಿ. ಎರಡನೇ ಸಲ ಹೋದಾಗ ಬಾಗಿಲು ಒಳಗಿನಿಂದ ಹಾಕಿತ್ತು, ಓಣಿಯ ಇಬ್ಬರ ಎದುರಿಗೆ ಸಮನ್ಸು ಅಂಟಿಸಿದೆ, ಎಂದು ಹೇಳಿದ. ಆಮೇಲೆ ರುದ್ರೇಶ ಎದ್ದರು.

"ಮೊದಲ ಸಲ ಹೋದಾಗ ಪ್ರತಿವಾದಿ ಊರಿನಲ್ಲಿಲ್ಲ ಎಂದು ಬರೆದವರು ನೀವೇ ತಾನೆ?"

"ಹೌದು."

"ನಿಜವನ್ನೇ ಬರೆದಿರಾ?"

ಗಾದಿಲಿಂಗ ಮೇಷ್ಟ್ರ ಕಡೆ ಒಮ್ಮೆ ನೋಡಿ ತಕ್ಷಣ ಕಣ್ಣು ತೆಗೆದ.

"ನಿಜ ಬರೆದಿದ್ದರೆ ಅವರು ಊರಲ್ಲಿರಲಿಲ್ಲ. ಸುಳ್ಳು ಬರೆದಿದ್ದರೆ, ಎರಡನೆಯದೂ ಸುಳ್ಳೇ ಇರಬಹುದಲ್ಲ?" ಎಂದರು ರುದ್ರೇಶ. "ಮನೆಯ ಹತ್ತಿರವೇ ಹೋಗದೆ ಕುಳಿತಲ್ಲೇ ಬರೆದಿದ್ದೀರಿ ಎನ್ನುತ್ತೇನೆ."

ನನ್ನ ಪಕ್ಕದಲ್ಲಿ ಬೆಂಚು ಅಲುಗಾಡಿತು. ಮೇಷ್ಟ್ರು ಎದ್ದು ನಿಂತಿದ್ದರು. ತೆಲುಗು ಚೆನ್ನಾಗಿ ಬರುತ್ತಿದ್ದರೂ ಆಗ ಅವರ ಬಾಯಿಂದ ಬಂದದ್ದು ಊರ ಕನ್ನಡ.

"ಸ್ವಾಮಿ, ನಾನು ಊರಾಗೇ ಇದ್ದೆ. ಮರಿಬಸಪ್ಪ ಇಲ್ಲ ಅಂತ ಬಾಗಿಲಾಗ ನಿಂತು ಹೇಳ್ದಾವ ನಾನೇ. ಎರಡನೇ ಸಲ ಅಗಳಿ ಹಾಕ್ಕೊಂಡು ಕುಂತಾವನೂ ನಾನೇ. ಇವರದೇನೂ ತಪ್ಪಿಲ್ಲ. ಇವರಿಗೆ ನನ್ನ ಗುರುತಿರಲಿಲ್ಲ."

ರುದ್ರೇಶ ಕೈಯಲ್ಲಿದ್ದ ಕಾಗದ ಮೇಜಿನ ಮೇಲಿಟ್ಟರು. ನ್ಯಾಯಾಧೀಶರಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತೆಂದು ತೋರುತ್ತದೆ. ಮೇಷ್ಟ್ರಿಗೆ ಕೂರಲು ಸನ್ನೆ ಮಾಡಿ ಗಾದಿಲಿಂಗನ ಕಡೆ ತಿರುಗಿದರು.

"ಇವರ ಗುರುತು ನಿಮಗಿರಲಿಲ್ಲವಾ?"

ಇರಲಿಲ್ಲ ಎಂದಿದ್ದರೆ ಅವನು ಉಳಿಯುತ್ತಿದ್ದ. ಮೇಷ್ಟ್ರು ಆ ಕೊನೆಯ ಸುಳ್ಳು ಹೇಳಿದ್ದೇ ಅದಕ್ಕೆ.

"ಇತ್ತು ಸಾರ್" ಎಂದ ಗಾದಿಲಿಂಗ. "ಇವರೇ ನನಗೆ ಓದು ಕಲಿಸಿದವರು. ಎದುರಿಗೆ ನಿಂತು ಇಲ್ಲ ಅಂದರು. ನೀವೇ ಅಲ್ಲವಾ ಅನ್ನುವುದಕ್ಕೆ ನನ್ನ ಬಾಯಿ ಬರಲಿಲ್ಲ. ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಬರೆಯಬೇಕಿತ್ತು. ಬರೆಯಲಿಲ್ಲ. ತಪ್ಪು ನನ್ನದು."

ಮೇಷ್ಟ್ರನ್ನು ಮತ್ತೆ ಕಟಕಟೆಗೆ ಕರೆದು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡರು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಬೇರೆಯದೇ ಕ್ರಮ ಜರುಗಿಸಬಹುದು, ತಾವೇ ಒಪ್ಪಿಕೊಂಡಿದ್ದರಿಂದ ಬಿಡುತ್ತಿದ್ದೇನೆ ಎಂದು ನ್ಯಾಯಾಧೀಶರು ಹೇಳಿದರು. ಅರ್ಜಿ ವಜಾ ಆಯಿತು. ಅಮೀನನಿಗೆ ಆಫೀಸಿನಿಂದ ಮೆಮೊ ಕೊಡಲು ಹೇಳಿದರು.

ಹೊರಗೆ ವರಾಂಡದಲ್ಲಿ ರುದ್ರೇಶ ನಮ್ಮನ್ನು ನಿಲ್ಲಿಸಿದರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ದನಿ ಏರಿಸಲಿಲ್ಲ.

"ನನಗ ಯಾಕ ಸುಳ್ಳು ಹೇಳಿದ್ರಿ? ನೀವು ಮೊದಲನೇ ತಾರೀಖಿಗೇ ಬಂದು, ಕಟ್ಟಿದ್ದು ತಪ್ಪಾಗೈತಿ, ತೆಗಸ್ತೀನಿ, ಟೈಮ್ ಕೊಡ್ರಿ ಅಂದಿದ್ರ, ಲೋಕ ಅದಾಲತ್‌ನಾಗ ಒಂದು ಮಧ್ಯಾಹ್ನದಾಗ ಮುಗೀತಿತ್ತು. ದಾವಾ ಹಾಕಿಸಿಕೊಂಡೋರೆಲ್ಲಾ ಗೆಲ್ಲಾಕೇ ಬರಬೇಕಂತಿಲ್ಲ ಮೇಷ್ಟ್ರೇ. ಸೋಲೋರೂ ಬರಬೇಕು."

ಮೇಷ್ಟ್ರು ಕೈಮುಗಿದರು. ಗಾದಿಲಿಂಗ ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ಬೈಕಿನ ಹತ್ತಿರ ನಿಂತಿದ್ದ. ಇವರು ಅಲ್ಲಿಗೆ ಹೋದರು.

"ನೀ ಯಾಕ ಹೂಂ ಅಂದಿ ತಮ್ಮಾ? ನಾ ಹೇಳಿದ್ನಲ್ಲ, ಗುರುತಿಲ್ಲಂತ."

"ಬಾಳ ದಿನ ಆತು ಸಾರ್, ಅದನ್ನ ಹೊತ್ಕೊಂಡು ತಿರುಗಾಕ ಹತ್ತಿ" ಎಂದ ಅವನು. "ನೀವು ಬಿಸಿಲಾಗ ನಿಲ್ಲಬ್ಯಾಡ್ರಿ. ಬಸ್ ಎರಡೂವರಿಗೈತಿ."

ಅವನು ಬೈಕು ಹತ್ತಿ ಹೋದ. ಕೆಲಸವೇನೂ ಹೋಗಲಿಲ್ಲ. ಆದರೆ ಅವನ ಸರ್ವೀಸ್ ಪುಸ್ತಕದಲ್ಲಿ ಎಚ್ಚರಿಕೆ ಎಂದು ಬರೆದರು, ಬಡ್ತಿ ಒಂದು ವರ್ಷ ಹಿಂದೆ ಬಿತ್ತು ಎಂದು ಆಮೇಲೆ ಗೊತ್ತಾಯಿತು. ಆ ವರ್ಷ ಅವನ ಜೊತೆಯವನಿಗೆ ಬಡ್ತಿ ಸಿಕ್ಕಿತು.

ಮಾರನೆಯ ವಾರ ಅದೇ ಗೌಂಡಿ ಬಂದು ಮೆಟ್ಟಿಲು ಒಡೆದ. ಒಡೆಯುವ ಸದ್ದಿಗೆ ಓಣಿಯ ಜನ ಸೇರಿದರು. ಮೇಷ್ಟ್ರು ಆ ಮೂರು ದಿನವೂ ಒಳಗೆ ಕೂರಲಿಲ್ಲ. ಪಂಚೆ ಮೇಲೆತ್ತಿ ಕಟ್ಟಿಕೊಂಡು, ಬೇಡವೆಂದರೂ ಕೇಳದೆ ಬುಟ್ಟಿಯಲ್ಲಿ ಇಟ್ಟಿಗೆ ಚೂರು ತುಂಬಿ ಬೀದಿಗೆ ಹೊತ್ತು ಹಾಕಿದರು. ನಾನೂ ಒಂದಿಷ್ಟು ಹೊತ್ತೆ. ಜನ ನೋಡಲಿ ಎಂದೇ ಅವರು ಹೊರಗಿದ್ದರೆಂದು ನನಗೆ ಅನಿಸಿತು. ಯಾರಾದರೂ ಒಂದು ಮಾತು ಅಂದಿದ್ದರೆ ಹಗುರಾಗುತ್ತಿತ್ತೇನೋ. ಯಾರೂ ಅನ್ನಲಿಲ್ಲ. "ಸಾರ್, ನೀವು ಬಿಡ್ರಿ, ನಾವು ಹೊರ್ತೀವಿ" ಎಂದರು, ಅಷ್ಟೇ.

ಕೊನೆಯ ದಿನ ಸಂದಿ ಗುಡಿಸಿ ನೀರು ಹಾಕಿದ ಮೇಲೆ ಅವರು ಉಚ್ಚಮ್ಮನ ಬಾಗಿಲಿಗೆ ಹೋದರು. ಒಳಗೆ ಕಾಲಿಡಲಿಲ್ಲ.

"ನಾ ಮಾಡಿದ್ದು ಅನ್ಯಾಯ ಉಚ್ಚಮ್ಮ. ಆ ಕಾಗದ ಬರೆದಾವ ನಾನೇ ಅಂತ ನನಗ ಗೊತ್ತಿತ್ತು."

ಉಚ್ಚಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

"ನನಗೂ ಗೊತ್ತಿತ್ತಣ್ಣ. ನಮ್ಮ ಮಾವ ಹೇಳಿದ್ದ, ಮೇಷ್ಟ್ರು ಬರದಾರ, ಇದಕ್ಕ ಭಯ ಇಲ್ಲಂತ." ಒಲೆಗೆ ಕಟ್ಟಿಗೆ ಸರಿಸಿದಳು. "ಕೋರ್ಟಿಗೆ ಹೋಗಬಾರದಂತ ಆರು ತಿಂಗಳು ಸುಮ್ನಿದ್ದೆ. ನೀವು ಒಂದ್ ದಿನ ಕರದು ಮಾತಾಡ್ತೀರಿ ಅಂದ್ಕೊಂಡಿದ್ದೆ."

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಅವಳು ಕೂತ್ಕೋರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಅವರು ಮನೆಗೆ ಬಂದರು.

ಮಾಳಿಗೆಯ ಕೋಣೆಗೆ ಈಗ ಪಡಸಾಲೆಯಿಂದ ಒಂದು ಕಬ್ಬಿಣದ ಏಣಿ ಇದೆ. ಮೊಣಕಾಲು ನೋವಿನಿಂದ ಮೇಷ್ಟ್ರು ಅದನ್ನು ಹತ್ತುವುದಿಲ್ಲ. ಊರಲ್ಲಿ ಯಾರಿಗಾದರೂ ಕೋರ್ಟಿನ ಕಾಗದ ಬಂದರೆ ಓದಿಸಲು ಮತ್ತೆ ಅವರ ಹತ್ತಿರವೇ ಬರುತ್ತಾರೆ. ಅವರು ಓದಿ, ತಾರೀಖು ದೊಡ್ಡದಾಗಿ ಬರೆದು ಕೊಟ್ಟು, ತಪ್ಪದೆ ಹೋಗಿ, ಇದ್ದದ್ದು ಇದ್ದಹಾಗೆ ವಕೀಲರಿಗೆ ಹೇಳಿ ಎನ್ನುತ್ತಾರೆ. ಮೊನ್ನೆ ಹೊಲದ ಬದುವಿನ ಕೇಸಿನವನೊಬ್ಬ, "ಹೋಗದಿದ್ರ ಏನಾಗತೈತಿ ಸಾರ್?" ಎಂದು ಕೇಳಿದ. ಹೊರಗಿನ ಊರಿನವನು, ಇವರ ಸಂಗತಿ ಗೊತ್ತಿಲ್ಲದೆ ಕೇಳಿದ್ದ. ಮೇಷ್ಟ್ರ ಕಿವಿ ಕೆಂಪಾದದ್ದನ್ನು ಎದುರು ಕುಳಿತ ನಾನು ನೋಡಿದೆ. ತಮ್ಮ ಸಂಗತಿ ಹೇಳುತ್ತಾರೇನೋ ಅಂದುಕೊಂಡೆ. ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹೋಗಬೇಕಪ್ಪ" ಎಂದರು.

ಅಷ್ಟರಲ್ಲಿ ಸಂದಿಯ ಕಡೆಯಿಂದ ಉಚ್ಚಮ್ಮನ ದನಿ ಕೇಳಿತು. ಬಂದವನು ತನ್ನ ಸೈಕಲ್ಲನ್ನು ಸಂದಿಯ ಬಾಯಲ್ಲಿ ನಿಲ್ಲಿಸಿದ್ದ.

"ಯಾರದದು ಸೈಕಲ್? ತಗೀರಿ, ಆಡು ಬಂದಾವ."

ಸೈಕಲ್ಲಿನವನು ಏಳುವ ಮೊದಲೇ ಮೇಷ್ಟ್ರು ಎದ್ದು ಹೋಗಿ ಅದನ್ನು ತೆಗೆದರು.